ಬಿಸಿನೀರಿನ ಊರಿನಲ್ಲಿ ಒಂದು ಭೂತಗನ್ನಡಿ

ನಮ್ಮ ಬಚ್ಚಲ ಬಾಗಿಲಿನ ಹಿಂದಿನ ಮೊಳೆಗೆ ಪುಟ್ಟ ಟವೆಲೊಂದು ನೇತುಬಿದ್ದಿದೆ. ಉದ್ದ ಎರಡು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಅಗಲ ಒಂದೂವರೆ ಗೇಣು. ಬಿಳಿಯ ತೆಳು ಬಟ್ಟೆ, ಒಂದು ಅಂಚಿನಲ್ಲಿ ನೀಲಿ ಬಣ್ಣದ ಮೂರು ಅಕ್ಷರ. ಮೊನ್ನೆ ಕುಪ್ಪಗಡ್ಡೆಯಿಂದ ಬಂದಿದ್ದ ನನ್ನ ದೊಡ್ಡಪ್ಪನ ಮಗ ಅದಕ್ಕೆ ಕೈ ಒರೆಸಿಕೊಳ್ಳುತ್ತ, "ಇದೇನೋ ಮಾರಾಯ, ಮೈ ಒರೆಸೋಕೆ ಸಾಲಲ್ಲ, ಮೂಗು ಒರೆಸೋಕೆ ಹೆಚ್ಚಾಯ್ತು. ಎಲ್ಲಿ ತಗಂಡೆ?" ಎಂದ. ಜಪಾನಿನದು ಎಂದೆ. "ಹೌದೌದು" ಎಂದು ನಕ್ಕು ಊಟಕ್ಕೆ ಕುಳಿತ. ನನಗೆ ಬೇಸರವಾಗಲಿಲ್ಲ. ಆಧಾರ ತೋರಿಸದೆ ಆಡಿದ ಮಾತನ್ನು ನಂಬಬೇಡಿ ಎಂದು ಉದ್ಯೋಗದಲ್ಲಿದ್ದಷ್ಟು ಕಾಲವೂ ಎಲ್ಲರಿಗೂ ಹೇಳುತ್ತ ಬಂದವನು ನಾನೇ. ಆದುದರಿಂದ ಆ ಟವೆಲಿನ ಚರಿತ್ರೆಯನ್ನು ಓದುಗರ ಮುಂದೆ ಇಡುವುದು ನನ್ನ ಕರ್ತವ್ಯ. ಅದರಲ್ಲಿ ನನ್ನ ಮಾನ ಸ್ವಲ್ಪ ಹೋಗುತ್ತದೆ. ಆದರೆ ಮೂಲದಲ್ಲಿರುವುದನ್ನು ಮುಚ್ಚಿಡುವಂತಿಲ್ಲ.

ಶಾಸನಗಳನ್ನು ಓದುವುದು ನನ್ನ ಕಸುಬಾಗಿತ್ತು. ನಿವೃತ್ತನಾದ ಮೇಲೆ ಕಸುಬು ಹೋಯಿತು, ಅದರ ಚಾಳಿ ಉಳಿಯಿತು. ಯಾವ ದಿನಾಂಕವನ್ನೂ ಎರಡು ಕಡೆ ಹೋಲಿಸಿ ನೋಡದೆ ಒಪ್ಪಲಾರೆ. ಸೊರಬದ ಸಭೆಯೊಂದರಲ್ಲಿ ನನಗೆ ಶಾಲು ಹೊದಿಸುವಾಗ ಅತಿಥಿಗಳು ನನ್ನ ನಿವೃತ್ತಿಯ ವರ್ಷವನ್ನು ಒಂದು ವರ್ಷ ಹಿಂದಕ್ಕೆ ಹೇಳಿದರು. ನಾನು ಹೊದ್ದ ಶಾಲಿನೊಡನೆಯೇ ಎದ್ದು ತಿದ್ದಿದೆ. ಆ ಬಳಿಕ ನನಗೆ ಶಾಲು ಹೊದಿಸಿದ ಬಗ್ಗೆ ಯಾವ ದಾಖಲೆಯೂ ದೊರೆಯುವುದಿಲ್ಲ. ಮನೆಯಲ್ಲಿಯೂ ಇದೇ ಪಾಡು. "ಇವರಿಗೆ ಸಾರು ಬಡಿಸೋದು ಕಷ್ಟ ಕಣ್ರೀ, ರುಚಿ ನೋಡೋದಕ್ಕೂ ಮೊದ್ಲು ಯಾವತ್ತಿಂದು ಅಂತಾರೆ" ಎಂಬುದು ನನ್ನ ಹೆಂಡತಿ ಗಿರಿಜೆಯ ದೂರು. ಒಮ್ಮೊಮ್ಮೆ ಆ ಸಾರು ನಿಜವಾಗಿಯೂ ಹಿಂದಿನ ದಿನದ್ದೇ ಆಗಿರುತ್ತಿತ್ತೆಂಬುದನ್ನು ಅವಳು ದೂರಿನಲ್ಲಿ ಸೇರಿಸುವುದಿಲ್ಲ.

ಇಂಥವನು ಜಪಾನಿಗೆ ಹೋದದ್ದು ಪಾಂಡಿತ್ಯದ ಬಲದಿಂದಲ್ಲ, ಟಿಲ್ಲರಿನ ಬಲದಿಂದ. ಗಿರಿಜೆಯ ತಮ್ಮ ಚನ್ನಬಸಪ್ಪನದು ಶಿಕಾರಿಪುರದಲ್ಲಿ ಟಿಲ್ಲರ್ ಅಂಗಡಿ. ಸುತ್ತಲಿನ ಹಳ್ಳಿಗಳ ಗದ್ದೆಗಳಲ್ಲಿ ಗಡಗಡ ಸದ್ದು ಕೇಳಿದರೆ ಅದು ಬಹುಮಟ್ಟಿಗೆ ಅವನು ಮಾರಿದ ಯಂತ್ರವೇ. ಒಂದು ವರ್ಷ ಹೆಚ್ಚು ಮಾರಿದ್ದಕ್ಕೆ ಕಂಪನಿಯವರು ಅವನನ್ನು, ಜೊತೆಗೊಬ್ಬರನ್ನು, ಜಪಾನ್ ಪ್ರವಾಸಕ್ಕೆ ಕರೆದರು. ಅವನ ಹೆಂಡತಿ, ನೆಲ ಬಿಟ್ಟು ಮೇಲೇರುವ ಯಾವ ವಾಹನವನ್ನೂ ತಾನು ಹತ್ತುವವಳಲ್ಲ ಎಂದಳು. ಆಗ ಅವನು ಸೊರಬಕ್ಕೆ ಬಂದು ನನ್ನ ಮುಂದೆ ಕುಳಿತ.

"ಭಾವಾ, ನೀವು ಬರ್ರಿ. ನನಗೆ ಇಂಗ್ಲೀಷು ಬರಲ್ಲ, ನಿಮಗೆ ಟಿಲ್ಲರ್ ಬರಲ್ಲ. ಇಬ್ರೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತೀವಿ."

ಅಲ್ಲಿ ನೋಡುವಂಥದೇನಿದೆ ಎಂದು ಕೇಳಿದೆ. ಕಾರ್ಖಾನೆ, ದೇವಾಲಯ ಎಂದು ಎಣಿಸುತ್ತ ಬಂದವನು ಕೊನೆಯಲ್ಲಿ ಮೊಣಕಾಲು ಸವರಿಕೊಂಡು, "ಬಿಸಿನೀರಿನ ಬುಗ್ಗೆ ಊರು ಒಂದೈತಂತೆ ನೋಡ್ರಿ. ಎರಡು ದಿನ ಅಲ್ಲೇ. ನೆಲದಾಗಿಂದ ಕುದಿಯೋ ನೀರು ಬರ್ತದಂತೆ, ಗಂಧಕದ್ದು. ಕೂತ್ರೆ ಮಂಡಿ ನೋವು ಮಾಯ ಆಗ್ತದಂತೆ. ಯಂತ್ರ ಹೊತ್ತು ಹೊತ್ತು ಇವು ಕಿರ್ರ್ ಅಂತಾವೆ. ನಾನು ಹೋಗಾದೇ ಅದಕ್ಕೆ" ಎಂದ. ಅಂಗಡಿಯ ಎರಡು ಮೆಟ್ಟಿಲು ಏರುವುದಕ್ಕೂ ಅವನು ಬಾಗಿಲ ಚೌಕಟ್ಟು ಹಿಡಿಯುತ್ತಿದ್ದುದನ್ನು ನಾನು ಕಂಡಿದ್ದೆ. ಒಪ್ಪಿದೆ. ಬುಗ್ಗೆಯಲ್ಲಿ ಎಲ್ಲರೂ ಒಟ್ಟಿಗೆ ಬರಿಮೈಯಲ್ಲಿ ಕೂರಬೇಕು ಎಂಬುದನ್ನು ಒಪ್ಪಿದ ಮೇಲೆ ಓದಿ ತಿಳಿದೆ. ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ.

ಕಾರಣ ನಾಚಿಕೆಯಲ್ಲ, ಅಥವಾ ನಾಚಿಕೆ ಮಾತ್ರವಲ್ಲ. ನನ್ನ ಕೊರಳು ಬರಿದಾಗಿತ್ತು.

ನಾವು ಲಿಂಗಾಯತರು. ಹುಡುಗನಾಗಿದ್ದಾಗ ಗುರುಗಳು ಕಟ್ಟಿದ ಇಷ್ಟಲಿಂಗವನ್ನು ಮೈಯಿಂದ ಅಗಲಿಸಬಾರದು. ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ತೂಗಿಸಿಕೊಂಡೇ ಇರಬೇಕು. ನಾನೂ ಹಾಗೆಯೇ ಇದ್ದೆ. ಬಹಳ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಬಂದಳಿಕೆಯಲ್ಲಿ ಕಲ್ಲೊಂದರ ಪಡಿಯಚ್ಚು ತೆಗೆಯುತ್ತಿದ್ದೆ. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಬಟ್ಟೆಯ ಉಂಡೆಯಿಂದ ಮಸಿ ಒತ್ತುವ ಕೆಲಸ ಅದು. ಬಗ್ಗಿದಾಗ ಶಿವದಾರ ಮಸಿಯ ತಟ್ಟೆಯಲ್ಲಿ ಇಳಿದದ್ದು ತಿಳಿಯಲಿಲ್ಲ. ಮನೆಗೆ ಬಂದು ನೋಡಿದರೆ ದಾರವೂ ಎದೆಯೂ ಕಪ್ಪು. ತೊಳೆದರೆ ಹೋಗುವ ಮಸಿಯಲ್ಲ. ಕರಡಿಗೆಯನ್ನು ಶುಭ್ರವಾದ ಕಾಗದದಲ್ಲಿ ಸುತ್ತಿ ಬರೆಯುವ ಮೇಜಿನ ಖಾನೆಯಲ್ಲಿ ಜೋಪಾನವಾಗಿ ಇಟ್ಟೆ. ಸೋಮವಾರ ಹೊಸ ದಾರ ತಂದು ಕಟ್ಟಿಕೊಂಡರಾಯಿತು ಎಂದುಕೊಂಡೆ.

ಆ ಸೋಮವಾರ ಯಾರೋ ಬಂದರು. ಮುಂದಿನ ಸೋಮವಾರ ನಾನು ಎಲ್ಲಿಗೋ ಹೋದೆ. ಹೀಗೆ ಕೆಲವು ಸೋಮವಾರಗಳು ಕಳೆದ ಮೇಲೆ ಇನ್ನೊಂದು ತೊಡಕು ಹುಟ್ಟಿತು. ಕಟ್ಟಿಕೊಳ್ಳಲು ಹೋದರೆ ಇಷ್ಟು ದಿನ ಕಟ್ಟಿಕೊಂಡಿರಲಿಲ್ಲವೆಂಬುದು ಬಯಲಾಗುತ್ತದೆ. ಬಯಲಾಗಬಾರದೆಂದರೆ ಕಟ್ಟಿಕೊಳ್ಳುವಂತಿಲ್ಲ. ರಾಜರ ವಂಶಾವಳಿಗಳ ಗೋಜಲನ್ನು ಬಿಡಿಸಿದ ನನಗೆ ಇದನ್ನು ಬಿಡಿಸಲಾಗಲಿಲ್ಲ.

ಆದರೂ ಯಾರಿಗೂ ಗೊತ್ತಾಗಲಿಲ್ಲ. ಅದಕ್ಕೆ ಕಾರಣ ನನ್ನ ಭೂತಗನ್ನಡಿ. ಸವೆದ ಅಕ್ಷರ ನೋಡಲು ಬಳಸುವ ದುಂಡನೆಯ ಮಸೂರವನ್ನು ದಾರ ಕಟ್ಟಿ ಅಂಗಿಯೊಳಗೆ ಇಳಿಬಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಕಾಲರಿನ ಬಳಿ ದಾರ ಕಾಣುತ್ತಿತ್ತು. ಎದೆಯ ಮೇಲೆ ದುಂಡಗೆ ಉಬ್ಬು ಕಾಣುತ್ತಿತ್ತು. ನಾನು ಸುಳ್ಳು ಹೇಳಲಿಲ್ಲ. ನೋಡಿದವರು ತಮಗೆ ತೋರಿದಂತೆ ಓದಿಕೊಂಡರು. ಶಿಕಾರಿಪುರಕ್ಕೆ ಹೋದಾಗಲೆಲ್ಲ ಅತ್ತೆಯವರು ಆ ಉಬ್ಬಿನ ಕಡೆ ನೋಡಿ ಕೈ ಮುಗಿಯುತ್ತಿದ್ದರು. ನಾನು ಗಾಂಭೀರ್ಯದಿಂದ ತಲೆಯಾಡಿಸುತ್ತಿದ್ದೆ. ಒಂದು ವರ್ಷ ಕ್ಯಾಸನೂರಿನ ಕಡೆ ಕಾಡಂಚಿನ ವೀರಗಲ್ಲು ನೋಡಲು ಹೋಗುವ ಮುನ್ನ ಮಂಗನ ಕಾಯಿಲೆಯ ಲಸಿಕೆ ಹಾಕಿಸಿಕೊಳ್ಳಬೇಕಾಯಿತು. ಸಾಲಿನಲ್ಲಿ ನನ್ನ ಹಿಂದೆಯೇ ಪರಿಚಿತರು. ಅಂಗಿ ಬಿಚ್ಚಿ ಎಂದ ನರ್ಸಮ್ಮನಿಗೆ, ಸೀಸೆಯ ಮೇಲಿನ ದಿನಾಂಕ ತೋರಿಸಿ ಎಂದೆ. ಆಕೆ ತೋರಿಸಿದರು. ತಯಾರಿಯ ದಿನಾಂಕವನ್ನೂ ಕೇಳಿದೆ. ಆಕೆ ಬೇಸತ್ತು ಅಂಗಿಯ ತೋಳನ್ನೇ ಭುಜದವರೆಗೆ ಮೇಲೇರಿಸಿ ಚುಚ್ಚಿ ಕಳಿಸಿದರು. ದಿನಾಂಕ ಕೇಳುವ ಚಾಳಿ ನನಗೆ ಅನ್ನ ಮಾತ್ರವಲ್ಲ, ಅಭಯವನ್ನೂ ಕೊಟ್ಟಿದೆ.

ಸ್ನಾನದ ವಿಷಯ ಬಂದುದರಿಂದ ಒಂದು ಮಾತು. ನನ್ನ ಬಾಲ್ಯದಲ್ಲಿ ಸ್ನಾನವು ಗುಟ್ಟಿನ ಕೆಲಸವಾಗಿರಲಿಲ್ಲ. ಅಜ್ಜಿ ನಮ್ಮ ಆರು ಮಂದಿ ಮೊಮ್ಮಕ್ಕಳಿಗೆ ಹರಳೆಣ್ಣೆ ಹಚ್ಚಿ, ಬಿಸಿಲಿಗೆ ಒಣಹಾಕಿದ ಹಪ್ಪಳದಂತೆ ಹಿತ್ತಲ ಕಲ್ಲಿನ ಮೇಲೆ ಕೂರಿಸುತ್ತಿದ್ದಳು. ಬಳಿಕ ಹಂಡೆಯ ಮುಂದೆ ಒಬ್ಬೊಬ್ಬರನ್ನಾಗಿ ಎಳೆದೊಯ್ದು ಸೀಗೆಪುಡಿ ತಿಕ್ಕಿ, ಕುದಿಯುವುದಕ್ಕೆ ಒಂದೇ ಮೆಟ್ಟಿಲು ಕಡಿಮೆ ಇದ್ದ ನೀರನ್ನು ಚೊಂಬುಗಟ್ಟಲೆ ಸುರಿಯುತ್ತಿದ್ದಳು. ಕಿರುಚಿದರೆ, "ಚರ್ಮ ಕೆಂಪಗಾದ್ರೆ ಸ್ನಾನ ಆತು ಅಂತ ಲೆಕ್ಕ" ಎನ್ನುವಳು. ಲಿಂಗ ಕಟ್ಟುವುದಕ್ಕೂ ಮೊದಲಿನ ಮಾತು; ಮೈಮೇಲೆ ಇದ್ದದ್ದು ಉಡಿದಾರ ಒಂದೇ. ಹಾದಿಯಲ್ಲಿ ಹೋಗುವವರು ನಿಂತು, ಯಾರ ಮಗ ದುಂಡಗಾಗಿದ್ದಾನೆ ಎಂದು ಅಭಿಪ್ರಾಯ ಹೇಳಿ ಹೋಗುವರು. ಬಚ್ಚಲಿಗೆ ಚಿಲಕ ಬಂದದ್ದು ನಾನು ಹೈಸ್ಕೂಲು ಸೇರಿದ ಮೇಲೆ. ಅಂದಿನಿಂದ ಮನುಷ್ಯ ಒಳಗೆ ಏನು ಮಾಡುತ್ತಾನೆ ಎಂಬುದಕ್ಕೆ ಸಾಕ್ಷಿಗಳು ಇಲ್ಲವಾದರು. ಚಿಲಕವಿರದ ನಾಡಿಗೆ ಈಗ ನಾನು ಹೊರಟಿದ್ದೆ.

ವಿಮಾನ ನಿಲ್ದಾಣದಲ್ಲಿಯೇ ಮೊದಲ ಗಂಡಾಂತರ. ತಪಾಸಣೆಯಲ್ಲಿ ಚನ್ನಬಸಪ್ಪನ ಕರಡಿಗೆಗೆ ಯಂತ್ರ ಕುಂಯ್‌ಗುಟ್ಟಿತು. ಅಲ್ಲಿದ್ದವನು ಕನ್ನಡಿಗ, ಕೈ ಮುಗಿದು ಬಿಟ್ಟ. ನಾನು ಅಷ್ಟರಲ್ಲಿ ಬೂಟಿನ ದಾರ ಕಟ್ಟುವ ನೆವದಲ್ಲಿ ದೂರದ ಬೇರೆ ಸಾಲಿಗೆ ಸೇರಿದ್ದೆ. ನನ್ನ ಅಂಗಿಯೊಳಗಿನದನ್ನು ತೆಗೆದು ನೋಡಿದವನು, "ಇದೇನು ಸಾರ್?" ಎಂದ. "ಓದುವುದಕ್ಕೆ" ಎಂದೆ. ಕೊರಳಿಗೆ ಕಟ್ಟಿಕೊಂಡು ಓದುವ ಮುದುಕನನ್ನು ಅವನು ಕರುಣೆಯಿಂದ ನೋಡಿದ.

ಕಾರ್ಖಾನೆಗಳನ್ನು ಬಿಟ್ಟು ಬಿಸಿನೀರಿನ ಊರಿಗೆ ಬರುತ್ತೇನೆ. ಊರಿನ ಹೆಸರು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ; ಉಚ್ಚಾರಣೆ ಖಚಿತವಾಗುವವರೆಗೆ ಅಚ್ಚಿಗೆ ಕೊಡಲಾರೆ. ಎರಡು ಗುಡ್ಡಗಳ ನಡುವೆ ಇಕ್ಕಟ್ಟಾದ ಬೀದಿ, ಬದಿಯಲ್ಲಿ ಹಳ್ಳ. ಚರಂಡಿಯ ಮುಚ್ಚಳಗಳಿಂದಲೂ ಆವಿ ಏಳುತ್ತಿತ್ತು. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ. ಜನರು ಹತ್ತಿಯ ನಿಲುವಂಗಿ ತೊಟ್ಟು, ಮರದ ಮೆಟ್ಟು ಮೆಟ್ಟಿ, ಟವೆಲು ಹಿಡಿದು, ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ಟಕ್ಕು ಟಕ್ಕು ಎಂದು ನಡೆಯುತ್ತಿದ್ದರು. ನಾವು ಸಂತೆಯ ದಿನ ಅಂಗಡಿ ಅಂಗಡಿ ಸುತ್ತುವ ಹಾಗೆ ಅವರು ನೀರು ನೀರು ಸುತ್ತುತ್ತಾರೆ. ಒಂದರಲ್ಲಿ ಮಿಂದು ಬಂದವನು ಎದುರಿನದರಲ್ಲಿ ಮತ್ತೆ ಮೀಯುವುದೇಕೆ ಎಂಬ ನನ್ನ ಸಂದೇಹಕ್ಕೆ ಚನ್ನಬಸಪ್ಪ, "ನೀವು ಒಂದು ಶಾಸನ ಓದಿದ ಮ್ಯಾಲೆ ಇನ್ನೊಂದು ಯಾಕೆ ಓದ್ತೀರಿ?" ಎಂದು ಉತ್ತರಿಸಿದ.

ತಂಗುಮನೆಯಲ್ಲಿ ನಮಗೂ ನಿಲುವಂಗಿ ಕೊಟ್ಟರು. ತೊಟ್ಟು ಹೊರಗೆ ಬಂದೊಡನೆ ಮನೆಯ ಯಜಮಾನಿ ಬಾಯಿಗೆ ಕೈ ಇಟ್ಟುಕೊಂಡು ಓಡಿಬಂದು ಇಬ್ಬರ ಅಂಗಿಯನ್ನೂ ಬಿಚ್ಚಿ ಮತ್ತೆ ಸುತ್ತಿದಳು. ಎಡದ ಸೆರಗು ಬಲದ ಮೇಲೆ ಬರಬೇಕಂತೆ. ನಾವು ಬಲದ್ದನ್ನು ಮೇಲೆ ಹಾಕಿದ್ದೆವು; ಹಾಗೆ ಸುತ್ತುವುದು ಹೆಣಕ್ಕೆ. ಆಕೆ ನನ್ನ ಸೆರಗು ಬಿಚ್ಚಿದಾಗ ಒಳಗಿನ ಬನಿಯನ್ನನ್ನು ನಾನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. "ಸತ್ತವರು ಹಂಗೆಲ್ಲ ಹಿಡಕಳಲ್ಲ ಭಾವಾ, ಬಿಡ್ರಿ" ಎಂದು ಚನ್ನಬಸಪ್ಪ ನಕ್ಕ.

ನಮ್ಮ ಮಾರ್ಗದರ್ಶಿ ಸಾತೊ ಎಂಬ ಮಧ್ಯವಯಸ್ಸಿನ ಮಹಿಳೆ. ಆಕೆ ನಿಯಮಗಳನ್ನು ವಿವರಿಸಿದರು, ನಾನು ಕನ್ನಡಕ್ಕೆ ತಂದೆ. ಮೊದಲು ಪುಟ್ಟ ಮಣೆಯ ಮೇಲೆ ಕುಳಿತು ಮೈ ಚೆನ್ನಾಗಿ ತೊಳೆಯಬೇಕು. ಆಮೇಲೆ ಕೊಳಕ್ಕೆ ಇಳಿಯಬೇಕು. ಮೈಮೇಲೆ ಬಟ್ಟೆ ಇರಕೂಡದು. ಟವೆಲು ಸಹ ನೀರಿಗೆ ತಾಗಕೂಡದು. ಒಡವೆ ಬೇಡ, ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಚನ್ನಬಸಪ್ಪನ ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ಭಾವಾ, ಲಿಂಗ ಬಿಚ್ಚಿಟ್ಟು ಇಳಿಯಾಕೆ ಆಗ್ತದೇನ್ರಿ?"

"ಆಗದು."

"ಹಾಕ್ಕೊಂಡು ಇಳಿಯಂಗಿಲ್ಲ, ಬಿಚ್ಚಿ ಇಳಿಯಂಗಿಲ್ಲ. ನೀವು ಹಳೇದೆಲ್ಲ ಓದೀರಲ್ಲ, ಇದಕ್ಕೆ ಎಲ್ಲಾದ್ರೂ ದಾರಿ ಹೇಳ್ಯಾರಾ?"

ಹೇಳಿದ್ದಾರೆ. ಲಿಂಗವನ್ನು ಧರಿಸಬಹುದಾದ ಸ್ಥಾನಗಳಲ್ಲಿ ಕೊರಳಷ್ಟೇ ಅಲ್ಲ, ತಲೆಯೂ ಒಂದು. ನನ್ನ ಅಜ್ಜನೇ ಹೊಳೆ ದಾಟುವಾಗ ರುಮಾಲಿನೊಳಗೆ ಕಟ್ಟಿಕೊಳ್ಳುತ್ತಿದ್ದ. ಅಷ್ಟನ್ನು ಹೇಳಿದರೆ ಸಾಕು. ಆದರೆ ಹೇಳಿದರೆ ಅವನು ಇಳಿಯುತ್ತಾನೆ. ಭಾಷೆ ಬಾರದ ಅವನೊಡನೆ ನಾನೂ ಇಳಿಯಬೇಕು. ಇಳಿಯಬೇಕಾದರೆ ಬನಿಯನ್ನು ಬಿಚ್ಚಬೇಕು. ಅತ್ತೆ ಕೈ ಮುಗಿದ ಉಬ್ಬಿನ ನಿಜಸ್ವರೂಪವನ್ನು ಅವರ ಮಗ ನೋಡುತ್ತಾನೆ.

"ನನ್ನ ಓದಿನ ಮಟ್ಟಿಗೆ ಸ್ಪಷ್ಟ ಆಧಾರ ಕಾಣೆ. ಊರಿಗೆ ಹೋಗಿ ಪರಿಶೀಲಿಸಬೇಕು" ಎಂದೆ.

"ಊರಿಗೆ ಹೋದ ಮ್ಯಾಲೆ ನೀರೆಲ್ಲಿರತದ್ರಿ?" ಎಂದ. ನನ್ನ ಮಾತನ್ನು ಅವನು ನಂಬಿದ, ಅದೇ ತೊಂದರೆಯಾಯಿತು.

ಸಂಜೆ ಸ್ನಾನಗೃಹದ ಅಂಗಳದಲ್ಲಿ ಒಂದು ಕಲ್ಲು ಕಂಡೆ. ಆಳೆತ್ತರ, ಮೇಲಿನಿಂದ ಕೆಳಗೆ ಕೊರೆದ ಅಕ್ಷರ, ಅರ್ಧಕ್ಕೆ ಪಾಚಿ. ಸಾತೊ ಕಥೆ ಹೇಳಿದರು: ಗಾಯಗೊಂಡ ಬೆಳ್ಳಕ್ಕಿಯೊಂದು ದಿನವೂ ಬಂದು ಈ ನೀರಿನಲ್ಲಿ ಕಾಲು ಅದ್ದಿ ವಾಸಿಯಾಯಿತು, ಅದನ್ನು ಕಂಡು ಜನ ಬುಗ್ಗೆ ತೋಡಿದರು, ಸಾವಿರ ವರ್ಷಕ್ಕೂ ಹಿಂದೆ. ನಮ್ಮಲ್ಲಿ ಹುತ್ತಕ್ಕೆ ಹಾಲು ಸುರಿಸುವ ಹಸುವಿನ ಅಕ್ಕ ಈ ಬೆಳ್ಳಕ್ಕಿ. ಯಾವ ದೊರೆಯ ಆಳ್ವಿಕೆ, ಕಲ್ಲು ಅಂದಿನದೇ ಅಥವಾ ಆಮೇಲೆ ನೆಟ್ಟದ್ದೇ ಎಂದು ವಿಚಾರಿಸಿದೆ. "ಬೆಳ್ಳಕ್ಕಿ ದಿನಾಂಕ ಹೇಳಿಲ್ಲ" ಎಂದು ಆಕೆ ನಯವಾಗಿ ತಲೆಬಾಗಿದರು. ಕೊನೆಯ ಸಾಲು ನೋಡಲು ನನ್ನ ಕೈ ಅಭ್ಯಾಸಬಲದಿಂದ ಅಂಗಿಯೊಳಗೆ ಹೋಯಿತು. ಭೂತಗನ್ನಡಿ ಅರ್ಧ ಹೊರಗೆ ಬಂದಾಗ ಚನ್ನಬಸಪ್ಪ ಪಕ್ಕದಲ್ಲಿರುವುದು ನೆನಪಾಗಿ ಒಳಗೆ ತಳ್ಳಿದೆ. ಜೀವಮಾನದಲ್ಲಿ ಮೊದಲ ಬಾರಿ ಕಲ್ಲೊಂದರ ಮುಂದೆ ಕುರುಡನಂತೆ ನಿಂತೆ.

ಅಂಗಳದ ಮೂಲೆಯಲ್ಲಿ ದಾರಿಹೋಕರಿಗಾಗಿ ಕಾಲು ಅದ್ದುವ ತೊಟ್ಟಿಯೊಂದಿತ್ತು. ನೀರು ಮೊಣಕಾಲಿನವರೆಗೆ ಬರುವುದಿಲ್ಲ, ಮೀನಖಂಡಕ್ಕೇ ನಿಲ್ಲುತ್ತದೆ. ಚನ್ನಬಸಪ್ಪ ಅದರಲ್ಲಿ ಕಾಲು ಇಳಿಬಿಟ್ಟು, ಬೊಗಸೆಯಿಂದ ನೀರೆತ್ತಿ ಮಂಡಿಯ ಮೇಲೆ ಸುರಿದುಕೊಳ್ಳುತ್ತಿದ್ದ. ಸುರಿದ ನೀರು ಮಂಡಿಯಲ್ಲಿ ನಿಲ್ಲದೆ ಜಾರುತ್ತಿತ್ತು. ಮತ್ತೆ ಎತ್ತಿ ಸುರಿಯುತ್ತಿದ್ದ. ಪಕ್ಕದ ಬಿದಿರ ತಟ್ಟಿಯ ಆಚೆಯಿಂದ ದೊಡ್ಡ ಕೊಳದಲ್ಲಿ ಇಳಿದವರ "ಆಹ್" ಎಂಬ ನಿಟ್ಟುಸಿರು ಕೇಳಿಬರುತ್ತಿತ್ತು. ಪ್ರತಿ ಸಲವೂ ಅವನು ತಲೆ ಎತ್ತಿ ತಟ್ಟಿಯ ಕಡೆ ನೋಡುತ್ತಿದ್ದ.

ಆಗ ಗಿರಿಜೆಯ ಫೋನು ಬಂದಿತು. ನಾವಿದ್ದಲ್ಲಿ ಸಂಜೆ, ಅವಳಿದ್ದಲ್ಲಿ ಇನ್ನೂ ಮಧ್ಯಾಹ್ನ.

"ನೀರಿಗೆ ಇಳಿದ್ರಾ?"

"ಇಲ್ಲ. ಸ್ವಲ್ಪ ಶಾಸ್ತ್ರದ ತೊಡಕಿದೆ."

"ಶಾಸ್ತ್ರಕ್ಕೆ ತೊಡಕೋ, ನಿಮಗೋ?" ಎಂದಳು. "ಅಷ್ಟು ದೂರ ಹೋಗಿ ಒಣಗಿಕೊಂಡು ಬರಬೇಡ್ರಿ. ಚನ್ನಬಸುನ ಮಂಡಿ ನೋಡ್ರಿ ಸ್ವಲ್ಪ."

ನೋಡುತ್ತಲೇ ಇದ್ದೆ. ನಮ್ಮ ಕಸುಬಿನಲ್ಲಿ ತಪ್ಪು ಓದುವವನಿಗೆ ಕ್ಷಮೆಯಿದೆ. ತನ್ನ ವಾದಕ್ಕೆ ಅಡ್ಡ ಬರುತ್ತದೆಂದು ಕಲ್ಲಿನ ಒಂದು ಸಾಲನ್ನು ಕಂಡೂ ಕಾಣದಂತೆ ಬಿಟ್ಟವನಿಗೆ ಇಲ್ಲ. ಅಂಥವರನ್ನು ನಾನು ಹೆಸರು ಹಿಡಿದು ಖಂಡಿಸಿದ್ದೇನೆ, ಅಡಿಟಿಪ್ಪಣಿಗಳಲ್ಲಿ. ಆ ರಾತ್ರಿಯ ಊಟದಲ್ಲಿ ಹದಿನಾಲ್ಕು ಪುಟ್ಟ ಬಟ್ಟಲುಗಳಿದ್ದವು. ಒಂದರ ರುಚಿಯೂ ನೆನಪಿಲ್ಲ.

ಬೆಳಗ್ಗೆ ಎದ್ದು, ಚಾಪೆಯ ಮೇಲೆ ಕುಳಿತು ವಿಭೂತಿ ಹಚ್ಚಿಕೊಳ್ಳುತ್ತಿದ್ದ ಚನ್ನಬಸಪ್ಪನಿಗೆ, "ನಿನ್ನೆ ನಾನು ಹೇಳಿದ್ದು ತಪ್ಪು. ಆಧಾರವಿದೆ. ತಲೆಯ ಮೇಲೆ ಧರಿಸಬಹುದು. ನಮ್ಮಜ್ಜ ಧರಿಸುತ್ತಿದ್ದ" ಎಂದೆ.

ಅವನು ಬೆರಳನ್ನು ಹಣೆಯಲ್ಲೇ ನಿಲ್ಲಿಸಿದ. "ರಾತ್ರಿ ಎಲ್ಲಿ ಪುಸ್ತಕ ಸಿಕ್ತ್ರಿ?"

"ನಿನ್ನೆಯೇ ಗೊತ್ತಿತ್ತು."

ಏಕೆ ಹೇಳಲಿಲ್ಲ ಎಂದು ಕೇಳುತ್ತಾನೆಂದು ಕಾದೆ. ಅವನು ಕೇಳಲಿಲ್ಲ. ವಿಭೂತಿಯ ಮೂರು ಗೆರೆಗಳನ್ನು ಪೂರ್ತಿ ಮಾಡಿ, "ಹಂಗಾರೆ ಏಳ್ರಿ" ಎಂದ. ಸಾತೊ ಅವರನ್ನು ಕೇಳಿದಾಗ, ನೀರಿಗೆ ತಾಗದಿದ್ದರೆ ತಲೆಯ ಮೇಲೆ ಏನಿದ್ದರೂ ಆಕ್ಷೇಪವಿಲ್ಲ ಎಂದರು. ಅಲ್ಲಿ ಎಲ್ಲರೂ ಟವೆಲನ್ನು ಮಡಿಸಿ ತಲೆಯ ಮೇಲೆಯೇ ಇಟ್ಟುಕೊಂಡು ಕೂರುವುದು ಪದ್ಧತಿಯಂತೆ. ತಂಗುಮನೆಯವರು ನನಗೆ ಕೊಟ್ಟ ಅಂಥ ಟವೆಲೇ ಈಗ ನಮ್ಮ ಬಚ್ಚಲ ಮೊಳೆಯಲ್ಲಿರುವುದು.

ಗಂಡಸರ ಬಾಗಿಲಿಗೆ ನೀಲಿ ಪರದೆ. ಒಳಗೆ ಬಟ್ಟೆ ಬಿಚ್ಚುವ ಕೋಣೆ. ಗೋಡೆಯುದ್ದಕ್ಕೂ ಬೆತ್ತದ ಬುಟ್ಟಿಗಳು. ಐದಾರು ಮಂದಿ ಮುದುಕರು ಅಂಚೆ ಕಚೇರಿಯಲ್ಲಿ ನಿಂತಷ್ಟೇ ಸಹಜವಾಗಿ ಬರಿಮೈಯಲ್ಲಿ ನಿಂತು ಮಾತನಾಡುತ್ತಿದ್ದರು. ಚನ್ನಬಸಪ್ಪ ಗೋಡೆಯ ಕಡೆ ತಿರುಗಿ ಕ್ಷಣ ಕಣ್ಣು ಮುಚ್ಚಿ, ಕರಡಿಗೆಯನ್ನು ಕೊರಳಿನಿಂದ ನೆತ್ತಿಗೆ ಏರಿಸಿ, ಶಿವದಾರವನ್ನು ಗಲ್ಲದ ಕೆಳಗೆ ಬಿಗಿದು, ಮೇಲೆ ಟವೆಲನ್ನು ಮಡಿಸಿ ಪೇಟದಂತೆ ಸುತ್ತಿದ. ಚೆನ್ನಾಗಿಯೇ ಕಾಣುತ್ತಿದ್ದ.

ನಾನು ನಿಲುವಂಗಿಯನ್ನು ಬಿಚ್ಚಿ ಮಡಿಸಿದೆ. ಮಡಿಕೆ ಸರಿಯಿಲ್ಲವೆಂದು ಬಿಡಿಸಿ ಮತ್ತೆ ಮಡಿಸಿದೆ. ಗೋಡೆಯ ಮೇಲಿನ ಫಲಕದಲ್ಲಿ ನೀರಿನ ಪರೀಕ್ಷೆಯ ವಿವರವಿತ್ತು. ಓದಲು ಬಾರದ ಲಿಪಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ.

"ಭಾವಾ, ನೀರು ಆರ್ತದೆ."

"ಭೂಗರ್ಭದಿಂದ ಬರುವ ನೀರು ಹಾಗೆ ಆರುವುದಿಲ್ಲ."

"ನೀರು ಆರದಿದ್ರೆ ನಾನು ಆರ್ತೀನಿ. ಥಂಡಿ ಆಗ್ತಾ ಐತೆ. ಬಿಚ್ರಿ ಅತ್ಲಾಗೆ."

ಬನಿಯನ್ನು ತಲೆಯ ಮೇಲಿಂದ ಎಳೆದೆ. ತಲೆ ಬನಿಯನ್ನಿನೊಳಗೆ ಇದ್ದ ಆ ಒಂದು ಗಳಿಗೆ ನನಗೆ ಅತ್ಯಂತ ನೆಮ್ಮದಿಯದಾಗಿತ್ತು. ಅಲ್ಲಿಯೇ ಇದ್ದುಬಿಡೋಣ ಎನಿಸಿತು. ಹೊರಗೆ ಬಂದಾಗ ಭೂತಗನ್ನಡಿ ಎದೆಯ ನಡುವೆ ತೂಗಾಡುತ್ತಿತ್ತು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು, ನನ್ನ ಎದೆಯ ಬಿಳಿ ಕೂದಲನ್ನು ಹಗ್ಗದಷ್ಟು ದಪ್ಪವಾಗಿ ತೋರಿಸುತ್ತಿತ್ತು. ಚನ್ನಬಸಪ್ಪ ನೋಡಿದ. ಅವನ ಮುಖದ ಒಂದು ಗೆರೆಯೂ ಕದಲಲಿಲ್ಲ.

"ಆ ದುರ್ಬೀನು ಬುಟ್ಟಿಗೆ ಹಾಕ್ರಿ. ಬಿಸಿಗೆ ಗಾಜು ಬಿರೀತದೆ" ಎಂದು ಹೇಳಿ ಒಳಗೆ ನಡೆದ.

ಮಣೆಯ ಮೇಲೆ ಕುಳಿತು ನಾನು ಮೈಯನ್ನು ಮೂರು ಬಾರಿ ತೊಳೆದೆ. ಕೊಳಕ್ಕೆ ಕಾಲಿಟ್ಟಾಗ ಅಜ್ಜಿಯೇ ಕೆಳಗೆ ಕುಳಿತು ಉರಿ ಹಾಕುತ್ತಿರುವಂತೆ ಭಾಸವಾಯಿತು. ಚನ್ನಬಸಪ್ಪ ಕತ್ತಿನವರೆಗೆ ಮುಳುಗಿ, ಪೇಟ ಕದಲದಂತೆ ನೆಟ್ಟಗೆ ಕುಳಿತು, ತಟ್ಟಿಯಾಚೆಯಿಂದ ನಾವು ಕೇಳಿದ್ದ "ಆಹ್" ಅನ್ನು ಶುದ್ಧ ಶಿಕಾರಿಪುರದ ಧಾಟಿಯಲ್ಲಿ ಹೇಳಿದ. ನೀರಿನೊಳಗೆ ಮಂಡಿಯನ್ನು ಮಡಿಸಿ, ಚಾಚಿ, ಮತ್ತೆ ಮಡಿಸಿದ. "ಭಾವಾ, ಸದ್ದೇ ಇಲ್ರಿ! ಆಯಿಲ್ ಬಿಟ್ಟಂಗಾತು" ಎಂದ.

ಎದುರಿಗಿದ್ದ ಜಪಾನಿ ಮುದುಕರೊಬ್ಬರು ಅವನ ಪೇಟದ ಅಂದವನ್ನು ಮೆಚ್ಚಿ, "ಇಂದೋ?" ಎಂದು ಕೇಳಿ ತಲೆಬಾಗಿದರು. ಇಂಡಿಯಾಕ್ಕೆ ಅವರು ಹಾಗೆನ್ನುತ್ತಾರೆ. ಮರುವಂದನೆ ಮಾಡಬೇಕು, ಚನ್ನಬಸಪ್ಪ ಬಾಗಿದರೆ ಲಿಂಗ ನೀರಿಗೆ ಬೀಳುತ್ತದೆ. "ಭಾವಾ, ನನ್ನ ಪರವಾಗಿ ನೀವೇ ಬಗ್ರಿ" ಎಂದ. ನಾನು ಎರಡು ಸಲ ಬಾಗಿದೆ. ಇಬ್ಬರ ಲೆಕ್ಕ ಎರಡಾದುದು ಮುದುಕರಿಗೆ ತಿಳಿಯದೆ ಅವರೂ ಎರಡನೆಯದಕ್ಕೆ ಪ್ರತಿಯಾಗಿ ಬಾಗಿದರು. ಅದಕ್ಕೆ ನಾನು ಮತ್ತೆರಡು. ಇದು ಕೊನೆಗೊಂಡಾಗ ನನ್ನ ಗಡ್ಡ ಮೂಗು ಎಲ್ಲ ಗಂಧಕದ ನೀರು.

ಅವರು ಎದ್ದು ಹೋದ ಮೇಲೆ ನಾವಿಬ್ಬರೇ ಉಳಿದೆವು. ಆವಿಯಲ್ಲಿ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಕೇಳಲು ಅದೇ ಅನುಕೂಲವಾಯಿತು.

"ನೀನು ಏನೂ ಕೇಳಲಿಲ್ಲವಲ್ಲ."

"ಏನು ಕೇಳ್ಲಿ? ಗೊತ್ತಿದ್ದದ್ದೇ ಅಲ್ರಿ?"

"ಯಾರಿಗೆ ಗೊತ್ತಿತ್ತು?"

"ಅಕ್ಕಗೆ ಮೊದಲ್ನೇ ವಾರಾನೇ ಗೊತ್ತಾತು. ಒಂದೇ ಮನೆಯಾಗಿದ್ದು ಗೊತ್ತಾಗಲ್ವೇನ್ರಿ? ಆಮ್ಯಾಲೆ ನನಗೆ. ಅವ್ವಗೂ ಗೊತ್ತಿತ್ತು."

"ಅತ್ತೆಯವರಿಗೆ? ಕೈ ಮುಗಿಯುತ್ತಿದ್ದರಲ್ಲ!"

"ಮುಗಿಯಾಳು. ಮುಗಿದು ಒಳಗ್ಹೋಗಿ ಬಾಯಿಗೆ ಸೆರಗು ಇಟ್ಕೊಂಡು ನಗಾಳು. 'ಅಳಿಯಂದ್ರ ಗಾಜಿಗೆ ನನ್ನ ಶರಣು' ಅನ್ನಾಳು. ಆದ್ರೆ ಯಾರೂ ಬಾಯಿ ಬಿಡಬ್ಯಾಡ್ರಿ, ಓದಿದವರು, ತಾವಾಗೇ ಸರಿ ಮಾಡ್ಕೊಳ್ಳಲಿ ಅಂದಿದ್ಲು. ಸಾಯೋ ಮಟ ಕಾದ್ಲು."

ನೀರಿನ ಬಿಸಿಯ ಮೇಲೆ ನನ್ನ ಮುಖದ ಬಿಸಿ ಬೇರೆ ಸೇರಿತು. ಅಷ್ಟು ವರ್ಷ ನಾನೊಬ್ಬನೇ ಕಾಪಾಡಿಕೊಂಡು ಬಂದೆನೆಂದು ತಿಳಿದಿದ್ದ ಗುಟ್ಟನ್ನು, ನಿಜದಲ್ಲಿ ಒಂದು ಮನೆಯವರೆಲ್ಲ ಸೇರಿ ನನ್ನಿಂದ ಕಾಪಾಡಿದ್ದರು.

"ಇನ್ನೊಂದು ಐತ್ರಿ" ಎಂದ ಚನ್ನಬಸಪ್ಪ, ಪೇಟವನ್ನು ಒಂದು ಕೈಯಿಂದ ಹಿಡಿದು ನನ್ನ ಕಡೆ ತಿರುಗಿ. "ಹೊರಡೋ ಮೊದ್ಲು ಅಕ್ಕ ನಿಮ್ಮ ಕರಡಿಗೆ ನನ್ನ ಕೈಯಾಗೆ ಕೊಟ್ಟಾಳೆ. ಹೊಸ ದಾರ ಅವಳೇ ಕಟ್ಟ್ಯಾಳೆ. 'ಬಟ್ಟೆ ಬಿಚ್ಚೋ ಊರು, ಅಲ್ಲಿ ಇವರಿಗೆ ಕಷ್ಟ ಆಗ್ತದೆ. ಕೇಳಿದ್ರೆ ಕೊಡು' ಅಂದಾಳೆ."

ಅವನ ಹೆಗಲಲ್ಲಿ ಪ್ರಯಾಣದುದ್ದಕ್ಕೂ ಒಂದು ಬಟ್ಟೆಚೀಲವಿತ್ತು. ವಿಮಾನದಲ್ಲಿಯೂ ಅದನ್ನು ಮಡಿಲಿನಿಂದ ಕೆಳಗಿಳಿಸಿರಲಿಲ್ಲ. ನಾನು ಚಕ್ಕುಲಿ ಎಂದು ಭಾವಿಸಿ, ತನಗೊಬ್ಬನಿಗೇ ಇಟ್ಟುಕೊಂಡಿದ್ದಾನೆಂದು ಮನಸ್ಸಿನಲ್ಲೇ ಮುನಿದಿದ್ದೆ.

"ಯಾವ ದಿನ ಕೊಟ್ಟಳು?" ಎಂದೆ. ಬಾಯಿಗೆ ಬಂದದ್ದು ಅದೇ.

"ನೋಡ್ರಿ ಭಾವಾ, ತಾರೀಕು ಕೇಳಿದ್ರೆ ಕೊಡು ಅಂದಿಲ್ಲ ಅಕ್ಕ. ಲಿಂಗ ಕೇಳಿದ್ರೆ ಕೊಡು ಅಂದಾಳೆ. ಕೇಳದಿದ್ರೆ ಹೆಂಗೆ ಒಯ್ದ್ಯೋ ಹಂಗೇ ವಾಪಸ್ ತಗಂಬಾ, ಬಾಯಿ ಬಿಡಬ್ಯಾಡ ಅಂತಾನೂ ಅಂದಿದ್ಲು. ಅದೊಂದು ತಪ್ಪಿದೆ. ಈ ನೀರು ಮಂಡಿ ಜೊತೆಗೆ ನಾಲಗೀನೂ ಸಡ್ಲ ಮಾಡ್ತದೆ."

ಬಿದಿರ ಕೊಳವೆಯಿಂದ ನೀರು ಬೀಳುತ್ತಲೇ ಇತ್ತು. ಮುಂದಿನ ಮಾತನ್ನು ಪರಿಶೀಲಿಸಲು ಇನ್ನೊಂದು ಮೂಲವಿರಲಿಲ್ಲ. ಒಂದೇ ಆಧಾರದ ಮೇಲೆ ಆಡಬೇಕಾಗಿತ್ತು.

"ಕೊಡು ಚನ್ನಬಸಪ್ಪ" ಎಂದೆ.

ಅವನು ಯಾವ ಆಸರೆಯನ್ನೂ ಹಿಡಿಯದೆ ಮೆಟ್ಟಿಲು ಏರಿದ. ಹಿಂದೆಯೇ ನಾನು. ಕೋಣೆಯಲ್ಲಿ ಅವನು ಕೈ ಒರೆಸಿಕೊಂಡು, ಬುಟ್ಟಿಯಲ್ಲಿದ್ದ ಬಟ್ಟೆಚೀಲ ಬಿಚ್ಚಿ, ರೇಷ್ಮೆಯ ತುಂಡೊಂದನ್ನು ಬಿಡಿಸಿದ. ಕರಡಿಗೆಯನ್ನು ಯಾರೋ ತಿಕ್ಕಿ ತಿಕ್ಕಿ ಬೆಳಗಿದ್ದರು. ದಾರ ಅಚ್ಚ ಬಿಳುಪು. ನಾನು ಎಡ ಅಂಗೈ ಚಾಚಿದೆ.

"ಒರೆಸ್ಕೊಳ್ರಿ ಮೊದ್ಲು, ನೀರು ತೊಟ್ಟಿಕ್ತಾ ಐತೆ" ಎಂದ.

ಒರೆಸಿಕೊಂಡು ಮತ್ತೆ ಚಾಚಿದೆ.